ಕಾರ್ಬನ್ ಸೈಕಲ್ಲಿನ ಖಂಡೆಪೂಜೆ

ನಾನು ನಿಂತಿದ್ದದ್ದು ಧಾರವಾಡದ ನಮ್ಮ ಮನೆಯ ಹಿತ್ತಲಿನಲ್ಲಿ, ನಳದಿಂದ ಎರಡು ಹೆಜ್ಜೆ ದೂರ, ಬಟ್ಟೆ ಒಗೆಯುವ ಕಲ್ಲಿಗೆ ಮುಖ ಮಾಡಿ. ಎರಡು ಸಾವಿರದ ಒಂಬತ್ತನೆಯ ಇಸವಿಯ ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ದಿನ, ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಕಡಿಮೆ. ಬಲಗೈಯಲ್ಲಿ ಊದಿನಕಡ್ಡಿ ಇತ್ತು, ಎಡಗೈ ಖಾಲಿ ಇತ್ತು. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಆ ಎಡಗೈಯನ್ನು ಚಾಚಿದ್ದರೆ ನಮ್ಮ ಮಾವನವರ ಮೊಣಕೈ ಹಿಡಿಯಬಹುದಿತ್ತು. ನಾನು ಚಾಚಲಿಲ್ಲ. ಹನ್ನೊಂದು ದಿನದ ಹಿಂದೆ ಬಂದ ನನ್ನ ಕಾರ್ಬನ್ ಸೈಕಲ್ಲು ಆ ಕಲ್ಲಿಗೆ ಒರಗಿ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತಿತ್ತು. ಮಾವನವರು ತೆಂಗಿನಕಾಯಿಯನ್ನು ಕಿವಿಯ ಮಟ್ಟಕ್ಕೆ ಎತ್ತಿ, ಪೆಡಲು ಕೂಡುವ ಜಾಗದ ಮೇಲೆ ಇಳಿಸಿದರು. ಠಪ್ ಎಂದಿತು. ಕಾಯಿ ಎರಡು ಸಮನಾದ ಹೋಳಾಯಿತು.

"ಒಂದ ಏಟಿಗೆ! ನೋಡಿದ್ರಿಲ್ಲೋ ಅಳ್ಯಾರ?" ಎಂದರು ಮಾವನವರು.

"ನೋಡಿದೆ ಮಾವಾರ," ಎಂದೆ. ಊದಿನಕಡ್ಡಿಯ ಬೂದಿ ನನ್ನ ಕಾಲ ಮೇಲೆ ಬಿತ್ತು.

ಮಾವನವರದು ಉಪ್ಪಿನಬೆಟಗೇರಿ. ಎಂಬತ್ತರ ಹತ್ತಿರದ ವಯಸ್ಸು, ಕೈಗಳು ಮಾತ್ರ ನಲವತ್ತರವು. ಅವರು ಬಂಡಿ ಇದ್ದಾಗ ಗಾಲಿಯ ಕಬ್ಬಿಣದ ಪಟ್ಟಿಗೆ ಕಾಯಿ ಒಡೆದವರು, ಟ್ರ್ಯಾಕ್ಟರ್ ಬಂದ ಮೇಲೆ ಅದರ ಹಿಂದಿನ ಕೊಂಡಿಗೆ ಒಡೆದವರು. ನಾನು ಅದಕ್ಕೂ ಮೊದಲು, ಸಾಧ್ಯವಾದಷ್ಟು ವಿನಯದಿಂದ, "ಕಾಯಿ ಕಲ್ಲಿಗೆ ಒಡೀರಲ್ಲ ಮಾವಾರ," ಎಂದಿದ್ದೆ. ಅವರು ನನ್ನನ್ನು ಕರುಣೆಯಿಂದ ನೋಡಿದ್ದರು. "ಕಲ್ಲಿಗೆ ಒಡದ್ರ ಕಲ್ಲಿನ ಪೂಜಿ ಆತು. ಗಾಡಿ ಪೂಜಿ ಹ್ಯಾಂಗಾದೀತು? ಕಾಯಿ ಕಬ್ಬಿಣಕ್ಕ ಮುಟ್ಟಬೇಕ್ರಿ." ನಾನು ಊದಿನಕಡ್ಡಿ ಹಚ್ಚಿದೆ.

ಕೆಲವರಿಗೆ ನಾಯಿಯ ಭಯ, ಕೆಲವರಿಗೆ ಸಿಡಿಲಿನ ಭಯ. ನನಗೆ ಬಿರುಕಿನ ಭಯ. ಇದು ವೃತ್ತಿಯಿಂದ ಬಂದ ಕಾಯಿಲೆ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುವವನು. ನಡೆದುಕೊಂಡೇ ಬಂದವರ ಎಲುಬಿನಲ್ಲಿ ಕೂದಲೆಳೆಯ ಗೆರೆ ಕಂಡಿದ್ದೇನೆ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ಯಾವುದನ್ನೂ ನಾನು ನಂಬುವುದಿಲ್ಲ. ಇಂಥವನು ಕಾರ್ಬನ್ ಸೈಕಲ್ ಕೊಂಡದ್ದೇ ತಪ್ಪು ಎಂದು ನೀವು ಹೇಳಬಹುದು. ನನ್ನ ಹೆಂಡತಿ ಗಿರಿಜಾ ಅದನ್ನು ಆಗಲೇ ಹೇಳಿದ್ದಾಳೆ.

ತೂಕ ಇಳಿಸಬೇಕು ಎಂದು ಡಾಕ್ಟರು ಹೇಳಿದ್ದು ನನ್ನ ತೂಕದ ಬಗ್ಗೆ. ನಾನು ಅದನ್ನು ಸೈಕಲ್ಲಿನ ತೂಕದಿಂದ ಆರಂಭಿಸಿದೆ. ಅಟ್ಟದ ಮೇಲೆ ನನ್ನ ಕಾಲೇಜಿನ ಕಾಲದ ಕಬ್ಬಿಣದ ಸೈಕಲ್ಲು ಇತ್ತು. ಅದನ್ನು ಇಳಿಸಲು ಇಬ್ಬರು ಬೇಕು. ಹುಬ್ಬಳ್ಳಿಯಲ್ಲಿ ಬಾಷಾಸಾಬನೆಂಬ ಮೆಕ್ಯಾನಿಕ್ ಇದ್ದ. ಪುಣೆಯಿಂದ ಬೇಕಾದ ಬಿಡಿಭಾಗ ತರಿಸಿ ಸೈಕಲ್ ಕಟ್ಟಿಕೊಡುತ್ತಿದ್ದ. ಅವನು ಒಂದು ದಿನ ನನ್ನ ಒಂದು ಕೈಗೆ ಅಲ್ಯೂಮಿನಿಯಂ ಫ್ರೇಮು, ಇನ್ನೊಂದು ಕೈಗೆ ಕಾರ್ಬನ್ ಫ್ರೇಮು ಕೊಟ್ಟ. ಕಾರ್ಬನ್ ಹಿಡಿದ ಕೈ ತಾನಾಗಿ ಮೇಲೆದ್ದಿತು. ನನ್ನ ಬುದ್ಧಿಯೂ ಅದರ ಜೊತೆಗೇ ಎದ್ದುಹೋಯಿತು.

ಆಮೇಲೆ ನಾಲ್ಕು ತಿಂಗಳು ಆಯ್ಕೆ ನಡೆಯಿತು. ನಮ್ಮ ಮನೆಯಲ್ಲಿ ಒಂದು ಮದುವೆಗೂ ಅಷ್ಟು ದಿನ ಹಿಡಿದಿಲ್ಲ. ಮೊದಲು ಜಾತಿ ನಿರ್ಣಯವಾಗಬೇಕು: ಎರಡೂ ಕಡೆ ಕುಲುಕಾಟ ತಡೆಯುವ ಶಾಕ್ ಇರುವುದೋ, ಮುಂದೆ ಮಾತ್ರ ಇರುವ ಹಾರ್ಡ್‌ಟೇಲೋ. ಹಾರ್ಡ್‌ಟೇಲ್ ಹಗುರ, ಹಿಂದಿನ ಗಾಲಿ ಕಂಡದ್ದನ್ನೆಲ್ಲ ಸವಾರನ ಬೆನ್ನುಹುರಿಗೆ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ನಾನು ಹಗುರವಾದುದನ್ನೇ ಆರಿಸಿದೆ. ನಂತರ ಫ್ರೇಮಿನ ಅಳತೆ: ಹದಿನೇಳು ಇಂಚೋ, ಹತ್ತೊಂಬತ್ತೋ? ಗೋಡೆಗೆ ಬೆನ್ನು ಕೊಟ್ಟು, ಎರಡು ಕಾಲಿನ ನಡುವೆ ಪಂಚಾಂಗ ಸಿಕ್ಕಿಸಿಕೊಂಡು ನಿಂತು ಗಿರಿಜಾಳಿಂದ ಅಳತೆ ತೆಗೆಸಿದೆ. ಅವಳು ನಕ್ಕು ಟೇಪು ಅಲುಗಾಡಿಸಿದ್ದರಿಂದ ಮೂರು ಸಲ ಮೂರು ಉತ್ತರ ಬಂತು. ಕೊನೆಗೆ ಹಳೆಯ ಎಕ್ಸ್‌ರೇ ಒಂದರಲ್ಲಿ ನನ್ನ ತೊಡೆಯ ಎಲುಬನ್ನೇ ಅಳೆದೆ. ಹದಿನೇಳು ಎಂದು ನಿಶ್ಚಯವಾಯಿತು. ಎಲುಬು ನಗುವುದಿಲ್ಲ.

ಬ್ರೇಕಿನ ವಿಷಯಕ್ಕೆ ಬಾಷಾಸಾಬನಿಗೂ ನನಗೂ ಜಗಳವೇ ಆಯಿತು. ಗಾಲಿಯ ಅಂಚನ್ನು ಹಿಡಿಯುವ ರಬ್ಬರಿನ ಬ್ರೇಕು ಹಗುರ. ಡಿಸ್ಕ್ ಬ್ರೇಕು ಭಾರ. ನಾನು ರಬ್ಬರು ಎಂದೆ. "ಸರ, ನೀವು ಓಡಾಡೋದು ಎರಿ ಹೊಲದ ದಾರಿಯಾಗ. ಒಂದು ಮಳಿ ಆತಂದ್ರ ಮಣ್ಣು ಬ್ರೇಕಿನ ನಡುವ ತುಂಬಿ ಗಾಲಿನ ನಿಂತುಬಿಡ್ತೈತಿ. ಆಮ್ಯಾಲೆ ಹಗೂರ ಸೈಕಲ್ಲಿಗೆ ಒಂದು ಪುಟ್ಟಿ ಮಣ್ಣು ಹೊರಬೇಕಾಗ್ತೈತ್ರಿ," ಎಂದ. ಡಿಸ್ಕಿಗೆ ಒಪ್ಪಿದೆ. ಹೋದ ಗ್ರಾಂಗಳನ್ನು ಬೇರೆ ಕಡೆ ಉಳಿಸಲೇಬೇಕಲ್ಲ. ಮುಂದಿನ ಮೂರು ಹಲ್ಲುಚಕ್ರಗಳಲ್ಲಿ ಒಂದನ್ನು ತೆಗೆಸಿದೆ, ಸೀಟಿನ ಕಂಬವನ್ನೂ ಕಾರ್ಬನ್ನಿನದೇ ಹಾಕಿಸಿದೆ. ನೀರಿನ ಬಾಟಲಿ ಹಿಡಿಯುವ ಎರಡು ಬೋಲ್ಟನ್ನು ಟೈಟೇನಿಯಮ್ಮಿನದು ತರಿಸು ಎಂದಾಗ ಬಾಷಾಸಾಬ ಪಾನಾ ಕೆಳಗಿಟ್ಟ. "ಸರ, ಬಾಟ್ಲಿಯಾಗ ಎರಡು ಗುಟುಕು ನೀರು ಕಡಿಮಿ ತುಂಬ್ರಿ. ಬೋಲ್ಟಿನ ಚಿಂತಿ ಬಿಡ್ರಿ."

ಗಿರಿಜಾ ಇನ್ನೂ ನೇರ ಮಾತಾಡಿದಳು. "ಎಂಬತ್ತೊಂಬತ್ತು ಕಿಲೋ ನೀವಿದ್ದೀರಿ. ರಾತ್ರಿ ಎರಡು ಹೋಳಿಗಿ ಬಿಟ್ರ ಅರ್ಧಾ ಸೈಕಲ್ಲಿನಷ್ಟು ಹಗೂರ ಆಗ್ತೀರಿ." ಬೆಲೆಯ ವಿಷಯವನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ಬರಹವನ್ನು ಮೊದಲು ಓದುವವಳು ಅವಳೇ.

ಹೀಗೆ ಗ್ರಾಂ ಗ್ರಾಂ ಕೂಡಿಸಿ ಕಟ್ಟಿದ ಸೈಕಲ್ಲಿನ ಮೇಲೆ ತೆಂಗಿನಕಾಯಿ ಬಿದ್ದಿತ್ತು. ಮಾವನವರು ಊರಿಗೆ ಹೋದ ಕೂಡಲೇ ಸೈಕಲ್ಲಿನ ಜೊತೆ ಬಂದ ಪುಸ್ತಕ ತೆಗೆದೆ. ಕಬ್ಬಿಣ ಮುರಿಯುವ ಮೊದಲು ಬಾಗುತ್ತದೆ, ನಾಲ್ಕು ದಿನ ಕಿರುಗುಟ್ಟಿ ಹೇಳುತ್ತದೆ. ಕಾರ್ಬನ್ ಹಾಗಲ್ಲ. ಪೆಟ್ಟು ಬಿದ್ದರೆ ಒಳಗೊಳಗೇ ಸೀಳಿ, ಹೊರಗೆ ಏನೂ ಕಾಣದೆ, ಒಂದು ದಿನ ಇಳಿಜಾರಿನಲ್ಲಿ ಇದ್ದಕ್ಕಿದ್ದಂತೆ ಮುರಿಯಬಹುದು ಎಂದು ಬರೆದಿತ್ತು. ಪಕ್ಕದಲ್ಲಿ ಒಬ್ಬ ಮನುಷ್ಯ ತಲೆಕೆಳಗಾಗಿ ಗಾಳಿಯಲ್ಲಿರುವ ಚಿತ್ರವಿತ್ತು. ಅವನು ನನಗಿಂತ ತೆಳ್ಳಗಿದ್ದ.

ಒಂದು ರೂಪಾಯಿಯ ನಾಣ್ಯದಿಂದ ತಟ್ಟಿ ನೋಡಬೇಕು, ಗಟ್ಟಿ ಜಾಗ ಟಣ್ ಎನ್ನುತ್ತದೆ, ಸೀಳಿದ ಜಾಗ ಡಬ್ ಎನ್ನುತ್ತದೆ ಎಂದು ಬಾಷಾಸಾಬ ಫೋನಿನಲ್ಲಿ ಹೇಳಿದ. ನಾನು ಬೆಳಿಗ್ಗೆ ತಟ್ಟಿದೆ, ಆಸ್ಪತ್ರೆಯಿಂದ ಬಂದು ತಟ್ಟಿದೆ. ಸೋಮವಾರ ಟಣ್ ಎಂದದ್ದು ಬುಧವಾರ ಡಬ್ ಎಂದಂತೆ ಕೇಳಿಸಿತು. ಎರಡು ವಾರದ ಮೇಲೆ ಪೆಡಲಿನ ಜಾಗದಲ್ಲಿ ಬಿಳಿಯ ಸಣ್ಣ ಗೀರುಗಳು ಕಂಡವು. ಸೈಕಲ್ಲನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಟೆಂಪೋದಲ್ಲಿ ಹುಬ್ಬಳ್ಳಿಗೆ ಒಯ್ದೆ. ಬಾಷಾಸಾಬ ಗೀರಿನ ಮೇಲೆ ಉಗುರಾಡಿಸಿದ. "ಇದು ಕಾಯಿ ಗಾಯ ಅಲ್ರಿ ಸರ. ರೂಪಾಯಿ ಗಾಯ. ಇನ್ನೊಂದು ತಿಂಗಳು ಹಿಂಗ ಬಡದ್ರ ಖರೇನ ಸೀಳತೈತಿ."

ಹಾಗಾದರೆ ಒಳಗೆ ನೋಡಬೇಕು. ಒಳಗೆ ನೋಡುವುದು ನನ್ನದೇ ಕಸುಬು. ಒಂದು ಮಧ್ಯಾಹ್ನ, ರೋಗಿಗಳು ಇಲ್ಲದ ಹೊತ್ತಿನಲ್ಲಿ, ಸ್ವಂತ ಫಿಲ್ಮು ತಂದು ಫ್ರೇಮನ್ನು ಎಕ್ಸ್‌ರೇ ಮೇಜಿನ ಮೇಲೆ ಮಲಗಿಸಿದೆ. ಗೋಡೆಯ ಹಿಂದೆ ನಿಂತು ಗುಂಡಿ ಒತ್ತುವ ಮೊದಲು ರೂಢಿಯ ಪ್ರಕಾರ, "ಉಸಿರು ಬಿಗಿ ಹಿಡೀರಿ," ಎಂದೆ. ಅದು ಹಿಡಿಯಿತೋ ಇಲ್ಲವೋ, ನಾನಂತೂ ಹಿಡಿದೆ. ಫಿಲ್ಮಿನಲ್ಲಿ ಬೋಲ್ಟುಗಳು ಬೆಳ್ಳಗೆ, ಸ್ಪಷ್ಟವಾಗಿ ಬಂದಿದ್ದವು. ಕಾರ್ಬನ್ ಮಾತ್ರ ಬೀಡಿಯ ಹೊಗೆಯ ಫೋಟೋ ತೆಗೆದ ಹಾಗೆ. ಆ ಹೊಗೆಯ ನಡುವೆ ಒಂದು ಕಪ್ಪು ಗೆರೆ ಇತ್ತು. ಬಿರುಕಿರಬಹುದು, ಕಾರ್ಬನ್ ಬಟ್ಟೆಯ ಪದರು ಕೂಡಿದ ಜಾಗವಿರಬಹುದು. ಮನುಷ್ಯನಾಗಿದ್ದರೆ ನೋವೆಲ್ಲಿ ಎಂದು ಕೇಳಬಹುದಿತ್ತು.

ಸೈಕಲ್ಲು ಹೊಡೆಯುವುದನ್ನು ನಿಲ್ಲಿಸಲೂ ಆಗಲಿಲ್ಲ. ಯಾಕೆಂದರೆ ಮಾವನವರು ಪ್ರತಿ ಸೋಮವಾರ ತಪ್ಪದೆ ಫೋನ್ ಮಾಡುತ್ತಿದ್ದರು. "ಗಾಡಿ ಹ್ಯಾಂಗೈತ್ರಿ ಅಳ್ಯಾರ? ಎಲ್ಲೂ ಬಿದ್ದಿಲ್ಲಲ್ಲ?" ತಮ್ಮ ಕಾಯಿಯ ಫಲ ವಿಚಾರಿಸುತ್ತಿದ್ದಾರೆ ಎಂದುಕೊಂಡೆ. ನಿಮ್ಮ ಕಾಯಿಯಿಂದಲೇ ನಾನು ಸಾಯುವವನಿದ್ದೇನೆ ಎಂದು ಆ ವಯಸ್ಸಿನವರಿಗೆ, ಅದೂ ಹೆಣ್ಣು ಕೊಟ್ಟವರಿಗೆ, ಯಾವ ಬಾಯಿಂದ ಹೇಳಲಿ? ಅವರಿಗೆ ಸುಳ್ಳು ಹೇಳಿದಂತಾಗಬಾರದೆಂದು ದಿನವೂ ನಮ್ಮ ಕಾಲೊನಿಯ ಸಪಾಟು ರಸ್ತೆಯಲ್ಲಿ ಎರಡು ಸುತ್ತು ಹೊಡೆಯುತ್ತಿದ್ದೆ. ವೇಗ ಎಷ್ಟಿತ್ತೆಂದರೆ, ಕೋಲೂರಿ ವಾಕಿಂಗ್ ಹೋಗುವ ನಿವೃತ್ತ ಮಾಸ್ತರರೊಬ್ಬರು ನನ್ನನ್ನು ದಾಟಿ ಹೋಗಿ, ತಿರುಗಿ ನಿಂತು, "ಪಂಕ್ಚರ್ ಏನ್ರಿ?" ಎಂದು ಕೇಳಿದರು.

ಎಳ್ಳಮವಾಸ್ಯೆ ಬಂತು. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ತಾವೂ ಅಲ್ಲೇ ಉಣ್ಣುವ ಹಬ್ಬ. ಮಾವನವರ ಫೋನ್ ಬಂತು: "ಸೈಕಲ್ ಮ್ಯಾಲೇ ಬರ್ರಿ. ಅದರದೊಂದು ಕೆಲಸ ಐತಿ." ಗಿರಿಜಾ ಬಸ್ಸಿನಲ್ಲಿ ಮೊದಲೇ ಹೋದಳು. ನಾನು ಧಾರವಾಡದಿಂದ ಹೊರಟೆ. ದಾರಿಯುದ್ದಕ್ಕೂ ಪ್ರತಿ ತಗ್ಗಿನಲ್ಲಿ ಬೆನ್ನುಹುರಿಗೆ ಸುದ್ದಿ ಬರುತ್ತಿತ್ತು; ಪ್ರತಿ ಸುದ್ದಿಯೂ ಕೊನೆಯದೆಂದು ತೋರುತ್ತಿತ್ತು. ಹೊಲದ ಹತ್ತಿರ ಒಂದು ಹಳ್ಳ, ಹಳ್ಳಕ್ಕೆ ಕಡಿದಾದ ಇಳಿಜಾರು. ಪುಸ್ತಕದಲ್ಲಿದ್ದ ಇಳಿಜಾರು ಇದೇ ಎಂದು ನೋಡಿದ ಕೂಡಲೇ ಗೊತ್ತಾಯಿತು. ಸೀಟಿನಿಂದ ಇಳಿದೆ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಕುರಿಮರಿ ಹೊತ್ತವನಂತೆ ಹಳ್ಳ ದಾಟಿದೆ. ಆಚೆ ದಂಡೆಯ ಮೇಲೆ ಮಾವನವರು ನಿಂತು ನೋಡುತ್ತಿದ್ದರು.

"ಇಷ್ಟು ಹಗೂರಂದು ಯಾಕ ತಗೊಂಡ್ರಂತ ಈಗ ತಿಳೀತು ಬಿಡ್ರಿ," ಎಂದರು. ಆದರೆ ಅವರ ಮುಖದಲ್ಲಿ ನಗೆಯಿರಲಿಲ್ಲ. ನನ್ನನ್ನು ಬನ್ನಿ ಗಿಡದ ಮರೆಗೆ ಕರೆದರು. "ಅಳ್ಯಾರ, ಬಿದ್ರೇನು? ಖರೇ ಹೇಳ್ರಿ."

"ಇಲ್ಲ ಮಾವಾರ."

"ಮತ್ತ ಹೊತ್ಕೊಂಡ್ಯಾಕ ಬಂದ್ರಿ? ನಾ ಅಂದ್ಕೊಂಡ ಹಂಗ ಆತು. ಪೂಜಿ ಆಗಿಲ್ಲ ಅದರದು." ಅವರು ಪೆಡಲು ಕೂಡುವ ಜಾಗಕ್ಕೆ ಬೆರಳು ತೋರಿಸಿದರು. "ಅವತ್ತ ಕಾಯಿ ಎತ್ತಿದೆ. ನಿಮ್ಮ ಮಾರಿ ನೋಡಿದೆ. ಹೆಣದ ಮಾರಿ ಆಗಿತ್ತು. ಕೈ ತನ್ನಷ್ಟಕ್ಕ ವಾರಿ ಆತು, ಕಾಯಿ ಕಲ್ಲಿಗೆ ಬಡೀತು. ಗಾಡಿಗೆ ಮುಟ್ಟೇ ಇಲ್ಲ. ನೀವು ನೋಡಿದೆ ಅಂದ್ರಿ. ನಾನೂ ಸುಮ್ಮನಾದೆ. ಮೂರು ತಿಂಗಳಾಗ್ತ ಬಂತು, ನಿದ್ದಿ ಇಲ್ಲ ನನಗ. ಎಲ್ಲಿ ಬೀಳ್ತಾರೋ, ಎಲ್ಲಿ ಬೀಳ್ತಾರೋ."

ಅವರು ಹೆಗಲ ಮೇಲಿನ ವಸ್ತ್ರದ ಗಂಟು ಬಿಚ್ಚಿದರು. ಒಳಗೆ ಸುಲಿದ ತೆಂಗಿನಕಾಯಿ ಇತ್ತು, ಹಿಂದಿನದಕ್ಕಿಂತ ದೊಡ್ಡದು. "ಈಗ ಬರೋಬ್ಬರಿ ಕಬ್ಬಿಣಕ್ಕ ಒಡೀತೇನಿ. ಹಿಡ್ಕೋರಿ ಗಾಡಿ."

ಈ ಸಲ ಎಡಗೈ ಚಾಚಿದೆ. "ಮಾವಾರ, ಇದರಾಗ ಕಬ್ಬಿಣ ಇಲ್ರಿ!"

"ಮತ್ತೇನೈತಿ?"

"ಇದ್ದಲಿ ಇದ್ದಂಗ್ರಿ. ಇದ್ದಲಿ ಜಾತಿದು."

ಮಾವನವರು ಸೈಕಲ್ಲನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು. "ಇದ್ದಲಿ ಮ್ಯಾಲ ಕುಂತು ಧಾರವಾಡದಿಂದ ಬಂದ್ರೇನ್ರಿ?"

ಕಬ್ಬಿಣ ಎಲ್ಲಿದೆ ಎಂದು ಇಬ್ಬರೂ ಬಗ್ಗಿ ಹುಡುಕಿದೆವು. ನಾಲ್ಕು ತಿಂಗಳು ಗ್ರಾಂ ಲೆಕ್ಕದಲ್ಲಿ ನಾನು ಹೊರದೂಡಿದ್ದೇ ಅದನ್ನು. ಕೊನೆಗೆ ಸರಪಳಿಯಲ್ಲಿ ಸಿಕ್ಕಿತು. ಕಾಯಿಯನ್ನು ಸರಪಳಿಗೆ ಮೆಲ್ಲಗೆ ಮುಟ್ಟಿಸಿ, ಹೊಲದಲ್ಲಿ ನಿಂತ ಟ್ರ್ಯಾಕ್ಟರಿನ ಕೊಂಡಿಗೆ ಒಡೆಯುವುದೆಂದು ರಾಜಿಯಾಯಿತು. ಪ್ರಸಾದದ ಕಾಯಿಚೂರಿಗೆ ಗ್ರೀಸ್ ಹತ್ತಿತ್ತು. ಇಬ್ಬರೂ ತಿಂದೆವು. ಮಾವನವರು ಎಷ್ಟೋ ದಿನದ ಮೇಲೆ ಎರಡು ರೊಟ್ಟಿ ಹೆಚ್ಚಿಗೆ ಉಂಡರು ಎಂದು ಅತ್ತೆಯವರು ಹೇಳಿದರು. ನನ್ನ ಹೆದರಿಕೆಯ ಸುದ್ದಿಯನ್ನು ನಾನು ಅವರಿಗೆ ಹೇಳಲಿಲ್ಲ.

ಸಂಜೆ ಗಿರಿಜಾಳಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಕಲ್ಲಿಗೆ ಬಡದದ್ದು ನಾ ನೋಡೀನಲ್ಲ. ಆರತಿ ತಾಟು ಹಿಡ್ಕೊಂಡು ನಿಮ್ಮ ಎದುರಿಗೇ ನಿಂತಿದ್ದೆ."

"ಹೇಳಬಾರದಿತ್ತೇನ?"

"ಬಾಷಾಸಾಬನ್ನ ಕೇಳಿದ್ರಿ, ಎಕ್ಸ್‌ರೇನ ಕೇಳಿದ್ರಿ. ನನ್ನ ಕೇಳಿದ್ರೇನು? ನೋಡಿದೆ ಅಂದವರು ನೀವು, ನಾ ಏನು ಹೇಳೂದು? ಕಣ್ಣು ಮುಚ್ಚಿದ್ದು ನಿಮಗ ಭಕ್ತಿ ಹೆಚ್ಚಾಗಿ ಅಂತ ತಿಳಕೊಂಡಿದ್ದೆ."

ನಾನು ಎಲ್ಲಿ ನಿಂತಿದ್ದೆ, ಯಾವ ಕೈಯಲ್ಲಿ ಏನಿತ್ತು ಎಂದು ಮೇಲೆ ಬರೆದದ್ದೆಲ್ಲ ನಿಜ. ಅದನ್ನು ಬೇಕಾದರೆ ಪ್ರಮಾಣ ಮಾಡಿ ಹೇಳುತ್ತೇನೆ. ಕಾಯಿ ಬಿದ್ದದ್ದರ ಬಗ್ಗೆ ಮಾತ್ರ ನನ್ನ ಸಾಕ್ಷಿ ನಡೆಯುವುದಿಲ್ಲ. ಮಾವನವರು ಈಗಿಲ್ಲ, ಹಾಸಿಗೆಯಲ್ಲಿಯೇ, ನೆಮ್ಮದಿಯಾಗಿ ಹೋದರು. ಆ ಬೆಳಿಗ್ಗೆ ಕಣ್ಣು ಬಿಟ್ಟುಕೊಂಡು ನೋಡಿದವರಲ್ಲಿ ಬದುಕಿರುವವಳು ಗಿರಿಜಾ ಒಬ್ಬಳೇ. ಆರೋಗ್ಯವಾಗಿದ್ದಾಳೆ. ಈಗಲೂ ನಾನಾಗಿ ಕೇಳದ ಹೊರತು ಏನನ್ನೂ ಹೇಳುವುದಿಲ್ಲ.