ಬಾಯಿ ಮುಚ್ಚುವ ಚಿಕಿತ್ಸೆ

ಕಹಿ ಕಷಾಯಕ್ಕಾಗಲಿ ಸೂಜಿಗಾಗಲಿ ನಾನು ಹೆದರುವವಳಲ್ಲ. ಪಥ್ಯದ ವಿಷಯದಲ್ಲಂತೂ ನೆರೆಮನೆಯವರಿಗೂ ಉಪದೇಶ ಮಾಡುವವಳು. ಅಂಥ ನಾನು, ಡಾಕ್ಟರರು ಹೇಳಿದ ಚಿಕಿತ್ಸೆಯನ್ನು ನಿರಾಕರಿಸಿದವಳು ಎಂದು ಒಂದು ವಿಮೆ ಕಂಪನಿಯ ಕಡತದಲ್ಲಿ ದಾಖಲಾಗಿದ್ದೇನೆ. ಚಿಕಿತ್ಸೆ ಯಾವುದೆಂದು ತಿಳಿದರೆ ನೀವೂ ನನ್ನ ಪರ ನಿಲ್ಲುತ್ತೀರಿ ಎಂಬ ಧೈರ್ಯದಿಂದ ಇದನ್ನು ಹೇಳುತ್ತಿದ್ದೇನೆ.

ಕಾಪುವಿನಲ್ಲಿ ಹೆದ್ದಾರಿಯ ಬದಿಗಿರುವ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಎರಡನೇ ತರಗತಿಗೆ ಪಾಠ ಮಾಡುತ್ತಿದ್ದೇನೆ. ಕಿಟಕಿಯ ಆಚೆ ಲಾರಿಗಳು, ಈಚೆ ನಲವತ್ತು ಮಕ್ಕಳು. ಎರಡನ್ನೂ ಮೀರಿಸುವುದು ನನ್ನ ಸ್ವರ. ಈ ಮಳೆಗಾಲದ ಆರಂಭದಲ್ಲಿ ಅದು ಒಡೆಯಿತು. ಹಾಜರಿ ಕರೆಯಲು ಬಾಯಿ ತೆರೆದರೆ ಬರೀ ಗಾಳಿ. ಪುಣ್ಯಕ್ಕೆ ಶಾಲೆಯವರು ನಮಗೆಲ್ಲ ಒಂದು ವಿಮೆ ಮಾಡಿಸಿದ್ದರು. ಕೆಲಸ ಮಾಡಲಾಗದಂತೆ ಆರೋಗ್ಯ ಕೆಟ್ಟರೆ ಗುಣವಾಗುವವರೆಗೆ ಅರ್ಧ ಸಂಬಳ ಕೊಡುತ್ತಾರೆ. ಡಾಕ್ಟರರು ಹೇಳಿದ ಚಿಕಿತ್ಸೆಯನ್ನು ತಪ್ಪದೆ ಪಾಲಿಸಬೇಕೆಂಬ ಶರತ್ತು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಪ್ರಶ್ನೆಯನ್ನು ಎರಡೆರಡು ಸಲ ಓದಿ ಎಂದು ಮಕ್ಕಳಿಗೆ ದಿನಾ ಹೇಳುವ ನಾನು ಅದನ್ನು ಓದದೆ ಸಹಿ ಹಾಕಿದ್ದೆ.

ಮಣಿಪಾಲದ ಡಾಕ್ಟರರು ಗಂಟಲೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಸ್ವರತಂತುಗಳ ಮೇಲೆ ಗಂಟುಗಳಾಗಿವೆ ಎಂದರು. ಮೂರು ವಾರ ಸಂಪೂರ್ಣ ಮೌನ, ಪಿಸುಮಾತೂ ಬೇಡ, ಆಮೇಲೆ ಸ್ವರದ ವ್ಯಾಯಾಮ ಎಂದು ಚೀಟಿ ಬರೆದರು. ಒಂದು ಮಾತ್ರೆಯೂ ಇಲ್ಲ! ಅಷ್ಟು ದೂರ ಬಸ್ಸಿನಲ್ಲಿ ಹೋಗಿ, ಎರಡು ತಾಸು ಕಾದು ಸಿಕ್ಕಿದ ಮದ್ದು ಬಾಯಿ ಮುಚ್ಚು ಎಂಬುದು. ಅದನ್ನು ನಮ್ಮ ಅಪ್ಪ ನಾನು ಚಿಕ್ಕವಳಿದ್ದಾಗಲೇ ಪುಕ್ಕಟೆಯಾಗಿ ಹೇಳಿದ್ದರು. ಈ ಅನ್ಯಾಯವನ್ನು ಉಡುಪಿಯವರೆಗೆ ಪಕ್ಕದಲ್ಲಿ ಕುಳಿತಿದ್ದ ಹೆಂಗಸಿಗೆ ಪಿಸುದನಿಯಲ್ಲಿ ವಿವರಿಸಿದೆ. ಉಡುಪಿಯಲ್ಲಿ ಬಸ್ಸು ಬದಲಾಯಿಸಿದ್ದರಿಂದ ಕಾಪುವಿನವರೆಗೆ ಇನ್ನೊಬ್ಬರಿಗೆ ಮೊದಲಿನಿಂದ ಹೇಳಬೇಕಾಯಿತು. ಮನೆಯಲ್ಲೂ ಹಾಗೆಯೇ. ಅಗತ್ಯವಿದ್ದರೆ ಮಾತ್ರ ಮಾತು ಎಂದು ನಿಶ್ಚಯಿಸಿದೆ. ಬೆಳಿಗ್ಗೆ ಎದ್ದಲ್ಲಿಂದ ಎಲ್ಲವೂ ಅಗತ್ಯವಾಗಿಯೇ ಕಂಡರೆ ನಾನೇನು ಮಾಡಲಿ?

ಹನ್ನೊಂದನೆಯ ದಿನ ಕಂಪನಿಯ ಕಾರ್ಕಳ ಶಾಖೆಯಿಂದ ಒಬ್ಬಳು ಹುಡುಗಿ ಫೋನ್ ಮಾಡಿ, ಚಿಕಿತ್ಸೆ ಪಾಲಿಸುತ್ತಿದ್ದೀರಾ ಎಂದು ವಿನಯದಿಂದ ವಿಚಾರಿಸಿದಳು.

"ಖಂಡಿತ ಮಗಾ, ಹನ್ನೊಂದು ದಿನ ಆಯ್ತು, ಒಂದಕ್ಷರ ಮಾತಾಡಿದವಳಲ್ಲ" ಎಂದೆ.

ಆಚೆ ಕಡೆ ಸದ್ದಿಲ್ಲ. ಲೈನು ಕಡಿಯಿತೆಂದು, ಅಷ್ಟರಲ್ಲಿ ತುಸು ಮರಳಿದ್ದ ಒಡಕು ಸ್ವರದಲ್ಲೇ ಗಟ್ಟಿಯಾಗಿ ನಾಲ್ಕು ಸಲ ಹಲೋ ಎಂದೆ. ಆಮೇಲೆ, ನಮ್ಮ ಕಡೆ ಯಾರೊಡನೆ ಮಾತಾಡಿದರೂ ಕೇಳಲೇಬೇಕಾದದ್ದನ್ನು ಕೇಳಿದೆ: ಊರು ಎಲ್ಲಿ, ಯಾರ ಮನೆ. ಪೆರ್ಡೂರು ಎಂದಳು. ಪೆರ್ಡೂರಿನಲ್ಲಿ ನನ್ನ ದೊಡ್ಡಮ್ಮನ ಮನೆ ಉಂಟು! ಅವಳ ಅಜ್ಜಿಗೂ ನಮ್ಮ ದೊಡ್ಡಮ್ಮನಿಗೂ ಎರಡು ಗದ್ದೆಗಳ ನಡುವಿನ ಹುಣಿಯೊಂದೇ ಅಡ್ಡ ಎಂದು ಪತ್ತೆ ಮಾಡಿಯೇ ಬಿಟ್ಟೆ. ಮನೆಗೆ ಬಾ ಎಂದು ಕರೆದು ಫೋನ್ ಇಟ್ಟೆ.

ಬಂದದ್ದು ಅವಳಲ್ಲ, ಸೀಲು ಹಾಕಿದ ಕಾಗದ. "ತಾವು ವೈದ್ಯರು ಸೂಚಿಸಿದ ಚಿಕಿತ್ಸೆಯನ್ನು ನಿರಾಕರಿಸಿರುವುದು ಇಪ್ಪತ್ತೆರಡು ನಿಮಿಷಗಳ ದೂರವಾಣಿ ಸಂಭಾಷಣೆಯಿಂದ ದೃಢಪಟ್ಟಿದೆ." ತಿಂಗಳೊಳಗೆ ವೈದ್ಯರ ಪ್ರಮಾಣಪತ್ರ ಕೊಡದಿದ್ದರೆ ಪರಿಹಾರ ನಿಲ್ಲುತ್ತದಂತೆ. ಓಡಿದೆ ಮಣಿಪಾಲಕ್ಕೆ. ಡಾಕ್ಟರರು ಪರದೆಯ ಮೇಲೆ ನನ್ನ ಗಂಟಲನ್ನೇ ತೋರಿಸಿದರು. ಗಂಟು ದಪ್ಪವಾಗಿತ್ತು. ಹೀಗೇ ಮುಂದುವರಿದರೆ ಆಪರೇಷನ್ ಬೇಕಾಗುತ್ತದೆ, ಅದರ ಮೇಲೂ ತರಗತಿಗೆ ಕೇಳುವಂಥ ಸ್ವರ ಮರಳುತ್ತದೆಂದು ಹೇಳಲಾರೆ ಎಂದರು. ಆಗ ನಿಜವಾಗಿ ಹೆದರಿದೆ. ಸಂಬಳಕ್ಕಲ್ಲ. ಸ್ವರವಿಲ್ಲದ ಟೀಚರಿಗೆ ಎರಡನೇ ತರಗತಿಯಲ್ಲಿ ಏನು ಕೆಲಸ? ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತು ಅತ್ತೆ. ಪಕ್ಕದವರು ಏನಾಯಿತೆಂದು ಕೇಳಿದರೂ ಹೇಳಲಿಲ್ಲ.

ಅಂದಿನಿಂದ ಮೌನ, ಕೈಯಲ್ಲಿ ಸ್ಲೇಟು. ನಮ್ಮ ಯಜಮಾನರಿಗೆ ಶಿರ್ವದಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ಮನೆಯಲ್ಲಿ ಅವರು ಮಾತಾಡಿದ್ದನ್ನು ನಾನು ಹೆಚ್ಚು ಕೇಳಿದವಳಲ್ಲ. ಅವಕಾಶ ಕೊಟ್ಟಿದ್ದರೆ ತಾನೇ. ನಾಲ್ಕನೆಯ ದಿನ ಸಂಜೆ ಚಾ ಕುಡಿಯುತ್ತಾ, ನನ್ನ ಕಡೆ ನೋಡದೆ ಶುರು ಮಾಡಿದರು.

"ಕಂಪನಿಗೆ ಫೋನ್ ಮಾಡಿದ್ದು ನಾನೇ. ಒಮ್ಮೆ ಅವಳ ಹತ್ರ ಮಾತಾಡಿ ನೋಡಿ, ನಿಮಗೇ ಗೊತ್ತಾಗ್ತದೆ ಅಂತ ಹೇಳಿದೆ. ನನ್ನ ಮಾತು ನೀನು ಕೇಳುವುದಿಲ್ಲ, ಸೀಲ್ ಇದ್ದ ಕಾಗದ ಬಂದ್ರೆ ಕೇಳ್ತಿ."

ಸ್ಲೇಟು ನೆಲಕ್ಕೆ ಬಿತ್ತು. ಹೆಂಡತಿಯ ಮೇಲೆ ಚಾಡಿ ಹೇಳಿ, ಹೆಂಡತಿಗೆ ಬೈಯಲಾಗದ ಕಾಲ ನೋಡಿ ಅದನ್ನು ಒಪ್ಪಿಕೊಳ್ಳುವುದು ಯಾವ ನ್ಯಾಯ? ಅವರು ಸ್ಲೇಟನ್ನು ಎತ್ತಿ, ಒರಸಿ, ನನ್ನ ಕೈಗೆ ಕೊಟ್ಟರು.

"ಮೋಟಾರ್ ಬಿಸಿಯಾದಾಗ ಆಫ್ ಮಾಡಿ ಅಂದ್ರೆ ಯಾರೂ ಕೇಳುವುದಿಲ್ಲ, ಸುಟ್ಟ ಮೇಲೆ ತರ್ತಾರೆ. ಅದಾದ್ರೆ ನಾನು ಹೊಸ ತಂತಿ ಸುತ್ತಿ ವೈಂಡಿಂಗ್ ಮಾಡಿ ಕೊಡ್ತೇನೆ. ನಿನ್ನ ಸ್ವರ ಹೋದ್ರೆ ನಾನು ಎಂತ ಮಾಡ್ಲಿಕ್ಕುಂಟು ಮಾರಾಯ್ತಿ?"

ನನ್ನ ಮೌನಕ್ಕೆ ಇಂದಿಗೆ ಹದಿನಾರು ದಿನ. ಡಾಕ್ಟರರು ಅನುಮತಿ ಕೊಟ್ಟ ತಕ್ಷಣ ಬೈಯಬೇಕೆಂದು, ಅವರು ಒಪ್ಪಿಕೊಂಡ ರಾತ್ರಿಯೇ ಮನಸ್ಸಿನಲ್ಲಿ ಉದ್ದದ ಭಾಷಣವೊಂದನ್ನು ಸಿದ್ಧಪಡಿಸಿದ್ದೆ. ಏನಾಗಿದೆಯೋ, ದಿನಕ್ಕೊಂದೆರಡು ವಾಕ್ಯ ಕಳಚಿಕೊಂಡು ಹೋಗುತ್ತಿವೆ. ಈಗ ಉಳಿದಿರುವುದು ಒಂದೇ ವಾಕ್ಯ, ಅದು ಬೈಗುಳವೂ ಅಲ್ಲ. ಇಷ್ಟು ವರ್ಷ ಊರವರಿಗೆಲ್ಲ ಕೇಳುವಂತೆ ಮಾತಾಡಿದವಳು ಅದೊಂದನ್ನು ನಮ್ಮ ಯಜಮಾನರಿಗೆ ಯಾವತ್ತೂ ಹೇಳಿದವಳಲ್ಲ. ಗಂಟಲು ಪೂರ್ತಿ ಗುಣವಾದರೂ ಅದಕ್ಕೆ ಸ್ವರ ಹೊರಡುವುದೋ ಇಲ್ಲವೋ ಎಂಬುದೇ ಈಗ ನನ್ನ ಚಿಂತೆ.