ಮೈನಸ್ ನಾಲ್ಕು ಮೂಟೆ

ಬಹಳ ಹಿಂದೆ, ಸಿಮೆಂಟು ಹುಟ್ಟಿ ಬುದ್ಧಿ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಗಾರೆಪುರವೆಂಬ ರಾಜ್ಯವಿತ್ತು. ಅಲ್ಲಿನ ಅರಮನೆ ಎಷ್ಟು ಎತ್ತರವೆಂದರೆ ಮೇಲಿನ ಮಹಡಿಯಿಂದ ಉಗಿದ ತಾಂಬೂಲ ನೆಲ ಮುಟ್ಟುವಷ್ಟರಲ್ಲಿ ಒಣಗಿರುತ್ತಿತ್ತು.

ಆ ಅರಮನೆಯ ನೆರಳಿನಲ್ಲಿ ಚೌಡವ್ವನೆಂಬ ವಿಧವೆಯ ಪುಟ್ಟ ಮನೆ. ಅದರ ತಾರಸಿಯ ಮಹಿಮೆಯೇ ಬೇರೆ: ಹೊರಗೆ ಮಳೆ ನಿಂತ ಮೇಲೂ ಒಳಗೆ ಮೂರು ದಿನ ಸುರಿಯುತ್ತಿತ್ತು. ಮಗಳು ಹೊನ್ನಿ ಚೊಚ್ಚಲ ಹೆರಿಗೆಗೆ ಬರುವವಳು. ಹಸಿ ಬಾಣಂತಿಯ ನೆತ್ತಿಗೆ ಒಂದು ಹನಿಯೂ ಬೀಳಬಾರದು ಎಂಬುದೊಂದೇ ಚೌಡವ್ವನ ಚಿಂತೆ. ಅದಕ್ಕೇ ಗಾರೆ ಮೇಸ್ತ್ರಿ ಹುಲಿಯಪ್ಪನನ್ನು ಕರೆಸಿದಳು.

ಹುಲಿಯಪ್ಪ ತಾರಸಿ ಹತ್ತಿ, ಇಳಿದು, ಬೀಡಿ ಪೊಟ್ಟಣದ ಹಿಂದೆ ಚೀಟಿ ಬರೆದ. "ಮೂರು ಮೂಟೆ ಸಿಮೆಂಟು ಬೇಕು ಕಣಕ್ಕ."

"ಮೂರಾ? ಅರಮನೆ ಕಟ್ತಿದೀಯೇನೋ? ಎರಡು ತರ್ತೀನಿ, ಅದ್ರಲ್ಲೇ ಮುಗ್ಸು."

"ಆಯ್ತು ಬಿಡಕ್ಕ," ಎಂದ ಹುಲಿಯಪ್ಪ. ಬೇಕಾಗಿದ್ದದ್ದೂ ಎರಡೇ.

ಗಾರೆಪುರದ ಪದ್ಧತಿಯೇ ಅದು. ಮನೆಯವರು ಒಂದು ಮೂಟೆ ಕಡಿಮೆ ತರುತ್ತಾರೆಂದು ಮೇಸ್ತ್ರಿ ಒಂದು ಮೂಟೆ ಹೆಚ್ಚು ಬರೆಯುತ್ತಿದ್ದ. ಮೇಸ್ತ್ರಿ ಹೆಚ್ಚು ಬರೆದಿರುತ್ತಾನೆಂದು ಮನೆಯವರು ಕಡಿಮೆ ತರುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನಂಬದಿದ್ದುದರಿಂದಲೇ ರಾಜ್ಯದ ಗೋಡೆಗಳು ನೆಟ್ಟಗೆ ನಿಂತಿದ್ದವು.

ಅಷ್ಟರಲ್ಲಿ ಮಹಾರಾಜ ಸಮಸ್ತವರ್ಮರು ತಮ್ಮ ಹೊಸ ಬಚ್ಚಲಮನೆಯಲ್ಲಿ ಜಾರಿ ಬಿದ್ದರು.

"ಪ್ರಭು ಜಾರಿದ್ದಲ್ಲ," ಎಂದ ಮಹಾಮಂತ್ರಿ ಅನುಮೋದನ. "ರಾಜಪಾದ ಸೋಕಿದ ಪುಳಕಕ್ಕೆ ನೆಲವೇ ಸರಿಯಿತು."

ಸರಿದ ನೆಲಕ್ಕೆ ಹೊಣೆ ಯಾರು? ಟೈಲ್ಸ್ ಆರಿಸಿ ತಂದವರು ಸ್ವತಃ ಮಹಾರಾಜರು, ಕೂರಿಸಿದವನು ಆಸ್ಥಾನದ ಮೇಸ್ತ್ರಿ. "ಮಾಲು ನಿಮ್ದು, ಬುದ್ಧಿ," ಎಂದು ಅವನು ಕೈಮುಗಿದ. "ಕೆಲಸ ನಿನ್ನದು," ಎಂದು ಇವರು ಸೊಂಟ ಹಿಡಿದುಕೊಂಡರು. ಮನೆ ಕೆಲಸದ ಮಾಲನ್ನು ಮನೆಯವರು ಕೊಳ್ಳಬೇಕೋ, ಮೇಸ್ತ್ರಿ ಕೊಳ್ಳಬೇಕೋ ಎಂದು ಸಭೆಯಲ್ಲಿ ಹದಿನೆಂಟು ದಿನ ಚರ್ಚೆಯಾಯಿತು. ಅಷ್ಟು ದಿನಕ್ಕೆ ಆಸ್ಥಾನ ತಿಂದ ಬೋಂಡಾದ ಎಣ್ಣೆಯಲ್ಲಿ ದೋಣಿ ಬಿಡಬಹುದಿತ್ತು. ಕೊನೆಗೆ ರಾಜಶಾಸನ ಹೊರಟಿತು: ಇಬ್ಬರೂ ಕೊಳ್ಳಕೂಡದು. ಮೇಸ್ತ್ರಿ ಚೀಟಿ ಬರೆಯತಕ್ಕದ್ದು, ಅರಮನೆಯೇ ಕೊಂಡು ಕೊಡತಕ್ಕದ್ದು. ಅಂಗಡಿಯಲ್ಲಿ ಮೂಟೆ ಮುಟ್ಟಿದವರ ಕೈಗೆ ಬೇಡಿ.

ಮೂಟೆ ತರಲು ಚೀಲ ಹೆಗಲಿಗೇರಿಸಿ ಹೊರಟಿದ್ದ ಚೌಡವ್ವ ಅರ್ಧದಾರಿಯಿಂದ ಹಿಂತಿರುಗಿದಳು. "ಅರಮನೇಲಿ ಯಾರಿಗಾದ್ರೂ ಗಾರೆ ಕಲ್ಸಕ್ ಬರ್ತದಾ?"

"ಸಹಿ ಹಾಕಕ್ ಬರ್ತದಂತೆ ಕಣಕ್ಕ," ಎಂದು ಹುಲಿಯಪ್ಪ ಅದೇ ಚೀಟಿಯನ್ನು ಅರಮನೆಗೆ ಕೊಟ್ಟು ಬಂದ. ಮೂರು ಮೂಟೆ.

ಅರಮನೆಯ ಹೊಸ ಸಾಮಗ್ರಿ ಪ್ರಾಧಿಕಾರದಲ್ಲಿ ಏಳು ಮೇಜು, ಏಳು ಅಧಿಕಾರಿಗಳು. ಏಳೂ ಜನ ಮನೆ ಕಟ್ಟಿಸಿದ ಅನುಭವಸ್ಥರು. ಮೊದಲನೆಯವನು ಚೀಟಿ ನೋಡಿ ಮೀಸೆಯಲ್ಲೇ ನಕ್ಕ. "ಈ ಮೇಸ್ತ್ರಿಗಳು ಒಂದು ಹೆಚ್ಚಿಗೇನೇ ಬರೆಯೋದು," ಎಂದು ಎರಡು ಮಾಡಿದ. ಎರಡನೆಯವನಿಗೂ ಆ ಗುಟ್ಟು ಗೊತ್ತಿತ್ತು, ಒಂದು ಮಾಡಿದ. ಮೂರನೆಯವನು ಸೊನ್ನೆ ಮಾಡಿದ. ನಾಲ್ಕನೆಯವನು ಕನ್ನಡಕ ಏರಿಸಿ, "ಸೊನ್ನೆ ಅಂತೆ! ಇದ್ರಲ್ಲೂ ಒಂದು ಸೇರಿಸಿರ್ತಾನೆ ಕಳ್ಳ," ಎಂದು ಇನ್ನೊಂದು ಕಳೆದ. ಏಳನೆಯ ಮೇಜು ದಾಟಿ, ಮೊಹರು ಬಿದ್ದು ಚೀಟಿ ಹೊರಬಂದಾಗ ಅದರಲ್ಲಿ ಮೈನಸ್ ನಾಲ್ಕು ಎಂದಿತ್ತು.

ವಾರ ಕಳೆದು ಚೌಡವ್ವನ ಬಾಗಿಲಿಗೆ ಎತ್ತಿನ ಗಾಡಿ ಬಂತು. ಖಾಲಿ ಗಾಡಿ.

"ಸಿಮೆಂಟು ಎಲ್ಲಪ್ಪ?"

"ಅದನ್ನ ನೀವು ಕೊಡ್ಬೇಕಮ್ಮ," ಎಂದ ರಾಜಭಟ. "ನಾಲ್ಕು ಮೂಟೆ. ಮೊಹರಿದೆ ನೋಡಿ."

"ಇದ್ದಿದ್ರೆ ನಿಮ್ಮನ್ಯಾಕ್ ಕೇಳ್ತಿದ್ನೋ, ನನ್ನಪ್ಪ?"

"ತಾರಸೀಲಿ ಇದ್ಯಲ್ಲ," ಎಂದು ಭಟರು ಹಾರೆ ಹಿಡಿದು ಏಣಿ ಹತ್ತಿದರು. ಸಂಜೆಯೊಳಗೆ ನಾಲ್ಕು ಮೂಟೆ ತೂಗುವಷ್ಟು ಕೆರೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು, ನಮಸ್ಕಾರ ಹೇಳಿ ಹೋದರು. ಚೌಡವ್ವ ನಡುಮನೆಯಲ್ಲಿ ಕೂತು ತಲೆಯೆತ್ತಿದರೆ ಹದ್ದು ಕಾಣುತ್ತಿತ್ತು.

ಬೇರೆಯವರದ್ದೂ ಅದೇ ಕಥೆ. ಅರಮನೆಯ ಅಂಗಳದಲ್ಲಿ ಗಾರೆಯ ಚಕ್ಕೆ ಗುಡ್ಡವಾಗಿ, ಅದರ ಹಿಂದೆ ಸೂರ್ಯ ಎರಡು ಗಂಟೆ ತಡವಾಗಿ ಹುಟ್ಟತೊಡಗಿದ. "ಒಂದು ಮೂಟೆಯನ್ನೂ ಕೊಡದೆ ಇಷ್ಟು ದಾಸ್ತಾನು ಮಾಡಿದ ರಾಜ ಭೂಮಂಡಲದಲ್ಲಿಲ್ಲ!" ಎಂದ ಅನುಮೋದನ. ಸಮಸ್ತವರ್ಮರಿಗೆ 'ಸಾಮಗ್ರಿ ಸಾರ್ವಭೌಮ' ಎಂಬ ಬಿರುದಾಯಿತು. ಆ ಚಕ್ಕೆಯಲ್ಲೇ ಊರಬಾಗಿಲಿಗೆ ಭಾರಿ ಕಮಾನು ಎದ್ದಿತು. ಈ ಸಾಲಿನಲ್ಲಿ ತಾರಸಿ ಸೋರುವ ದೂರು ಒಂದೂ ಬಂದಿಲ್ಲವೆಂದು ಡಂಗುರವೂ ಆಯಿತು.

ಹೊನ್ನಿ ಬಂದ ದಿನವೇ ಮಳೆಯೂ ಬಂತು, ನೋವೂ ಬಂತು. ಗಾರೆಪುರದ ಬಡವರಿಗೆ ಮೇಲ್ಛಾವಣಿ ಅಂತ ಉಳಿದಿದ್ದದ್ದು ಆ ಕಮಾನೊಂದೇ. ಚೌಡವ್ವನೂ ಹುಲಿಯಪ್ಪನೂ ಅವಳನ್ನು ಅಲ್ಲಿಗೇ ನಡೆಸಿಕೊಂಡು ಬಂದರು. ನೆರೆಯ ಹೆಂಗಸರು ಸೀರೆ ಹಿಡಿದು ಮರೆ ಮಾಡಿದರು. ಹೆಣ್ಣು ಮಗು. ಗಂಟಲು ಎಷ್ಟು ಜೋರೆಂದರೆ ಡಂಗುರದವನು ಬಡಿಯುವುದನ್ನು ನಿಲ್ಲಿಸಿದ.

ಚೌಡವ್ವ ಉಸಿರು ಬಿಟ್ಟಳು. ಅಷ್ಟರಲ್ಲಿ ಕಮಾನಿನಿಂದ ಒಂದು ಹನಿ ಹೊನ್ನಿಯ ನೆತ್ತಿಯ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು.

ಕಾವಲಿನ ಭಟನೂ ತಲೆಯೆತ್ತಿ ನೋಡಿದ. "ಸೋರ್ತಿದ್ಯಲ್ಲ! ಮೇಸ್ತ್ರಿ, ಒಂದು ಚೀಟಿ ಬರ್ದ್ಕೊಡು. ಅರಮನೆಗೆ ಮುಟ್ಟಿಸ್ತೀನಿ."

ಹುಲಿಯಪ್ಪನ ಕೈ ಅಭ್ಯಾಸಬಲದಿಂದ ಕಿವಿಯ ಮೇಲಿನ ಪೆನ್ಸಿಲ್ಲಿಗೆ ಹೋಯಿತು. ಚೌಡವ್ವ ಆ ಕೈ ಹಿಡಿದುಕೊಂಡಳು.

"ಬ್ಯಾಡ ಕಣೋ, ನಿನ್ ಕಾಲಿಗ್ ಬೀಳ್ತೀನಿ," ಎಂದು ಸೆರಗು ಬಿಚ್ಚಿ ಮಗಳ ತಲೆಗೆ ಹಿಡಿದಳು. "ಈಗ ಮನೇಲಿ ಉಳ್ದಿರೋದು ಈ ಕೂಸೊಂದೇಯ."