ಬೀಗಿತಿಯ ಮೂವತ್ತೊಂದು ನಿಯಮಗಳು

ನಮ್ಮ ಬೀಗಿತಿಯವರ ಮನೆಯೊಳಗೆ ಬೆಕ್ಕು ಕೂಡ ಸಹಿ ಮಾಡದೆ ಕಾಲಿಡುವುದಿಲ್ಲ. ಸುಳ್ಳು ಎನ್ನುವವರು ದಾವಣಗೆರೆಯ ನಿಟ್ಟುವಳ್ಳಿಗೆ ಬಂದು ನೋಡಿ. ಪಕ್ಕದ ಮನೆಯ ಬೆಕ್ಕು ದಿನಾ ಅವರ ಗೇಟಿನವರೆಗೆ ಬರುತ್ತದೆ, ಹಾಲಿನ ವಾಸನೆ ಹಿಡಿದು ಒಂದು ಗಳಿಗೆ ಕೂರುತ್ತದೆ, ಆಮೇಲೆ ಏನೋ ನೆನಪಾದಂತೆ ಎದ್ದು ಹೋಗುತ್ತದೆ. ಅದಕ್ಕೂ ಯಾರೋ ನಿಯಮ ಓದಿ ಹೇಳಿರಬೇಕು!

ಬೀಗಿತಿ ಎಂದರೆ ನನ್ನ ಮಗಳ ಅತ್ತೆ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ಹಿಡಿದು ನಿವೃತ್ತರಾದವರು. ಬೇರೆಯವರು ನಿವೃತ್ತರಾದರೆ ಕಾಶಿಗೆ ಹೋಗುತ್ತಾರೆ, ಇಲ್ಲವೇ ಮಂಡಿಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂರುತ್ತಾರೆ. ಇವರು ಮನೆಯ ಮುಂದಿನ ಪಡಸಾಲೆಯಲ್ಲಿ ಬೇಬಿ ಸಿಟ್ಟಿಂಗ್ ಶುರು ಮಾಡಿದರು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳ ಹನ್ನೆರಡು ಮಕ್ಕಳು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅಲ್ಲಿರುತ್ತವೆ. ಸಿಟ್ಟಿಂಗ್ ಎಂದರೆ ಕೂರುವುದು ಎಂದು ಮಗಳು ನನಗೆ ಅರ್ಥ ಹೇಳಿದ್ದಳು. ನಾನು ಕಂಡ ಮಟ್ಟಿಗೆ ಹನ್ನೆರಡರಲ್ಲಿ ಒಂದೂ ಕೂತಿದ್ದಿಲ್ಲ. ಕೂತಿರುವವರು ಬೀಗಿತಿಯ ಗಂಡ, ನಮ್ಮ ಬೀಗರೊಬ್ಬರೇ, ಅದೂ ಗೇಟಿನ ಹತ್ತಿರ, ಪೇಪರು ಹಿಡಿದುಕೊಂಡು.

ಆ ಹನ್ನೆರಡರಲ್ಲಿ ಒಂದು ನನ್ನ ಮೊಮ್ಮಗಳು. ಮೂರೂವರೆ ವರ್ಷ. ಅವಳ ಬಗ್ಗೆ ಬರೆಯುತ್ತ ಹೋದರೆ ಬೀಗಿತಿಗೆ ಜಾಗ ಉಳಿಯುವುದಿಲ್ಲ, ಆದ್ದರಿಂದ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ: ಅವಳು ಸೀನಿದರೂ ನನಗೆ ಹಾಡಿದಂತೆ ಕೇಳುತ್ತದೆ. ಮಗಳು ಅಳಿಯ ಅಲ್ಲೇ ದಾವಣಗೆರೆಯಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. ಇನ್ನೊಬ್ಬ ಅಜ್ಜಿಯಾದ ನಾನು ಹರಿಹರದಲ್ಲಿ ಕೂತು ಫೋನಿನಲ್ಲಿ ಅವಳ ಮುಖ ನೋಡುತ್ತೇನೆ. ಫೋನಿನಲ್ಲಿ ಮುಖ ಸಿಕ್ಕೀತು, ನೆತ್ತಿಯ ವಾಸನೆ ಸಿಕ್ಕೀತೇ?

ಇರಲಿ. ಎರಡು ತಿಂಗಳ ಹಿಂದೆ ಬೀಗಿತಿಯವರು ಒಂದು ಪುಸ್ತಕ ಮಾಡಿಸಿದರು. ಹಸಿರು ರಟ್ಟು, ಮೂವತ್ತೊಂದು ನಿಯಮ, ಕೊನೆಯಲ್ಲಿ 'ಓದಿ ಒಪ್ಪಿದ್ದೇನೆ' ಎಂದು ಬರೆದು ಸಹಿಗೆ ಜಾಗ. ಮಕ್ಕಳನ್ನು ಬಿಡುವ ಪ್ರತಿ ಮನೆಗೂ ಒಂದು. ಸುಮ್ಮನೆ ಕೈಗೆ ಕೊಟ್ಟರೆ ಜನ ಓದುವುದಿಲ್ಲ, ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿ ಮರೆಯುತ್ತಾರೆ ಎಂದು ಅವರಿಗೆ ಗೊತ್ತು. ಏನು ಮಾಡಿದರು ಹೇಳಿ? ಒಂದು ಭಾನುವಾರ ಎಲ್ಲ ತಾಯಂದಿರನ್ನೂ ಕರೆದು, ಮಣೆಯ ಮೇಲೆ ಕೂರಿಸಿ, ಉಡಿ ತುಂಬಿದರು! ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು, ಕುಪ್ಪಸದ ಕಣ, ಅದರ ಮೇಲೆ ನಿಯಮದ ಪುಸ್ತಕ. ಉಡಿಗೆ ಬಿದ್ದದ್ದನ್ನು ಯಾವ ಹೆಣ್ಣುಮಗಳು ತಾನೇ ಬೇಡ ಎಂದಾಳು? ಮಂಡಿಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿರುವ ಮುಸ್ಲಿಂ ಮನೆಯ ಸೊಸೆ ಮಾತ್ರ ಸ್ವಲ್ಪ ಅನುಮಾನಿಸಿ, ತನಗೆ ಸೆರಗಿಲ್ಲ, ದುಪಟ್ಟಾ ನಡೆದೀತೇ ಎಂದು ಕೇಳಿದಳಂತೆ. ಯಾವ ಬಟ್ಟೆ ಅನ್ನುವುದು ನಿಯಮದಲ್ಲಿ ಇಲ್ಲ, ಹಿಡಿ ಎಂದರಂತೆ ಬೀಗಿತಿ. ಆಕೆ ನಗುತ್ತ ದುಪಟ್ಟಾ ಒಡ್ಡಿದಳು. ಅಲ್ಲಿಗೆ ಹನ್ನೆರಡು ಮನೆಯ ಉಡಿಯೂ ಕಾನೂನಿನಿಂದ ತುಂಬಿತು.

ನಿಯಮಗಳೋ, ಒಂದಕ್ಕಿಂತ ಒಂದು! ಮಗುವಿನ ಕೊರಳಿಗೆ ಚಿನ್ನ ಹಾಕಿ ಕಳಿಸಬಾರದು. ಜ್ವರದ ಔಷಧಿ ಕುಡಿಸಿ, ಜ್ವರವೇ ಇಲ್ಲ ಎಂದು ಸುಳ್ಳು ಹೇಳಿ ಬಿಟ್ಟು ಹೋಗಬಾರದು. ಮಂಡಕ್ಕಿ ಡಬ್ಬಿಯಲ್ಲಿ ಮೆಣಸಿನಕಾಯಿ ಬಜ್ಜಿ ಬಚ್ಚಿಟ್ಟು ಕಳಿಸಬಾರದು. ಗಂಡ ಹೆಂಡತಿ ಜಗಳ ಆಡಿಕೊಂಡು ಬಂದಿದ್ದರೆ ಗೇಟಿನ ಹೊರಗೇ ನಿಂತು, ಸಮಾಧಾನ ಮಾಡಿಕೊಂಡು, ಆಮೇಲೆ ಮಗುವನ್ನು ಒಳಗೆ ತರಬೇಕು. ಈ ಕೊನೆಯ ನಿಯಮ ಬಂದ ಮೊದಲ ವಾರ ಒಂದು ಜೋಡಿ ಮುಕ್ಕಾಲು ಗಂಟೆ ಹೊರಗೆ ನಿಂತಿತ್ತಂತೆ. ಮಗು ಬೇಸತ್ತು ತಾನೇ ಗೇಟು ತೆಗೆದುಕೊಂಡು ಒಳಗೆ ಬಂತು.

ಇದನ್ನೆಲ್ಲ ಕೇಳಿ ನಾನು ಹರಿಹರದಲ್ಲಿ ಹೊಟ್ಟೆ ಹಿಡಿದು ನಕ್ಕಿದ್ದೆ. ಬೆಂಕಿ ಬೇರೆಯವರ ಗಡ್ಡಕ್ಕೆ ಹತ್ತಿದಾಗ ನಗು ಬರದೆ ಇದ್ದೀತೇ?

ಒಂದು ಶುಕ್ರವಾರ ನನ್ನ ಪಾಳಿ ಬಂತು. ಶನಿವಾರ ಭಾನುವಾರ ಮಗುವನ್ನು ಹರಿಹರಕ್ಕೆ ಕರೆದುಕೊಂಡು ಹೋಗು ಎಂದು ಮಗಳು ಫೋನು ಮಾಡಿದಳು. ಅಪ್ಪ ಅಮ್ಮ ಇಲ್ಲದೆ ಅವಳೊಬ್ಬಳೇ ನನ್ನ ಮನೆಗೆ ಬರುವುದು ಅದೇ ಮೊದಲು! ಪಡಸಾಲೆಯಲ್ಲಿ ಜೋಕಾಲಿ ಕಟ್ಟಿಸಿದೆ. ಗೋದಿ ಹುಗ್ಗಿಗೆ ಗೋದಿ ನೆನೆಹಾಕಿದೆ. ಹೊಸ ದಿಂಬಿಗೆ ಹತ್ತಿ ತುಂಬಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆಲ್ಲ ಹೇಳಿದೆ. ಕಂಡಕ್ಟರಿಗೂ ಹೇಳಿದೆ.

ಬೀಗಿತಿಯವರು ಬಾಯಿ ತುಂಬ ಕರೆದರು. ನೀರು ಕೊಟ್ಟರು, ಚಹಾ ಕೊಟ್ಟರು, ಒಗ್ಗರಣೆ ಅವಲಕ್ಕಿ ಕೊಟ್ಟರು. ಮೊಮ್ಮಗಳು ಓಡಿ ಬಂದು ನನ್ನ ಮೊಣಕಾಲು ಅಪ್ಪಿಕೊಂಡಳು. ಅವಳ ಕೈ ಹಿಡಿದು ಎದ್ದೆ. ಬೀಗಿತಿಯವರು ಬಾಗಿಲಿಗೆ ಅಡ್ಡ ನಿಂತು, ಎಲ್ಲಿಗೆ ಎಂದು ಕೇಳಿದರು. ಊರಿಗೆ ಎಂದೆ. ಗೋಡೆಗೆ ತೂಗುಹಾಕಿದ್ದ ಪಟ್ಟಿಯನ್ನು ಇಳಿಸಿ, ಬೆರಳಿಟ್ಟು ಮೇಲಿಂದ ಕೆಳಗೆ ನೋಡಿದರು.

"ಏಳನೇ ನಿಯಮ ಬೀಗ್ರೇ. ಪಟ್ಟಿಯಾಗೆ ಹೆಸರಿಲ್ಲದೋರ ಕೈಗೆ ಕೂಸು ಕೊಡಂಗಿಲ್ಲ. ನಿಮ್ಮ ಹೆಸರಿಲ್ಲ."

ತಮಾಷೆ ಮಾಡುತ್ತಿದ್ದಾರೆಂದು ನಕ್ಕೆ. ಅವರು ನಗಲಿಲ್ಲ.

"ನಾನು ಯಾರು ಅಂತ ನಿಮಗೆ ಗೊತ್ತಿಲ್ವೇನ್ರಿ?" ಎಂದೆ.

"ನನಗೆ ಗೊತ್ತೈತ್ರಿ. ಮದುವ್ಯಾಗೆ ನಿಮ್ಮ ಕೈಯಿಂದನೇ ಸೀರೆ ಇಸ್ಕಂಡೀನಿ. ಆದ್ರೆ ಪಟ್ಟಿಗೆ ಗೊತ್ತಿಲ್ಲ."

ನನ್ನ ಮಗಳಿಗೆ ಫೋನು ಮಾಡಿ ಎಂದೆ. ಫೋನಿನಲ್ಲಿ ಯಾರ ದನಿಯನ್ನು ಯಾರು ಬೇಕಾದರೂ ಮಾಡಬಹುದು, ಅದು ಎಂಟನೇ ನಿಯಮ ಎಂದರು. ಪಟ್ಟಿಗೆ ಸೇರಬೇಕಾದರೆ ಪುಸ್ತಕವನ್ನು ಪೂರ್ತಿ ಓದಬೇಕು, ಓದಿದ್ದನ್ನು ಅವರ ಮುಂದೆ ಒಪ್ಪಿಸಬೇಕು, ಆಮೇಲೆ ಸಹಿ. ಮಕ್ಕಳ ಅಪ್ಪ ಅಮ್ಮ ಬರೀ ಸಹಿ ಮಾಡಿದರೆ ಸಾಕಂತೆ, ಮನೆಯ ಅಜ್ಜ ಅಜ್ಜಿಯರಿಗೆ ಮಾತ್ರ ಪರೀಕ್ಷೆ! ಅಪ್ಪ ಅಮ್ಮಂದಿರೆಲ್ಲ ಓದಿದ ಜನ, ನಂಬಬಹುದು. ಮನೆಯ ಹಿರಿಯರು ಎಂಥವರು ಎಂದು ತಮಗೆ ಗೊತ್ತು ಎಂಬುದು ಅವರ ವಾದ. ಬೀಗರು ಗೇಟಿನ ಹತ್ತಿರ ಯಾಕೆ ಕೂರುತ್ತಾರೆ ಎನ್ನುವುದು ಆಗ ತಿಳಿಯಿತು. ಅವರೂ ಪಟ್ಟಿಯಲ್ಲಿಲ್ಲ. ಪುಸ್ತಕ ಓದಿದ್ದೇನೆ ಎಂದು ಕೊಚ್ಚಿಕೊಂಡರಂತೆ. ಹದಿಮೂರನೇ ನಿಯಮ ಯಾವುದು ಎಂದು ಬೀಗಿತಿ ಕೇಳಿದರೆ, ಹದಿನಾಲ್ಕರ ಹಿಂದಿನದು ಎಂದರಂತೆ. ಅವತ್ತಿನಿಂದ ಸ್ವಂತ ಮೊಮ್ಮಗಳನ್ನು ಬೀದಿ ತುದಿಯ ಅಂಗಡಿಗೂ ಕರೆದೊಯ್ಯುವ ಹಾಗಿಲ್ಲ, ಪಾಪ. ಗೇಟಿನವರೆಗೆ ಅವರ ಸರಹದ್ದು. ಬೆಕ್ಕಿಗೂ ಅವರಿಗೂ ಒಂದೇ ಗೆರೆ.

ಸಂಜೆಯವರೆಗೆ ಕಾದು ಮಗಳ ಕೈಯಿಂದ ಮಗುವನ್ನು ಇಸಿದುಕೊಳ್ಳಬಹುದಿತ್ತು, ಆದರೆ ಪಟ್ಟಿಯಲ್ಲಿಲ್ಲದವಳು ಎನ್ನಿಸಿಕೊಂಡ ಮೇಲೆ ಹಾಗೆ ಒಯ್ಯಲು ಮನಸ್ಸು ಒಪ್ಪಲಿಲ್ಲ. ಬರಿಗೈಯಲ್ಲಿ ಹರಿಹರಕ್ಕೆ ವಾಪಸಾದೆ. ಬರಿಗೈ ಎನ್ನಬಾರದು, ಬೀಗಿತಿಯವರು ಉಡಿಗೆ ಹಾಕಿ ಕಳಿಸಿದ ಹಸಿರು ಪುಸ್ತಕವಿತ್ತು. ಬಸ್ಸಿನಲ್ಲಿ ಅಳು ಬಂತು, ಸಿಟ್ಟೂ ಬಂತು. ತುಂಗಭದ್ರೆಯ ಸೇತುವೆ ಕಾಣುವ ಹೊತ್ತಿಗೆ ಎರಡೂ ಇಳಿದು ಹಟ ಉಳಿಯಿತು. ಮೂವತ್ತೊಂದೇ ತಾನೇ? ಮುಂದಿನ ಶುಕ್ರವಾರದೊಳಗೆ ಓದುತ್ತೇನೆ. ಜೋಕಾಲಿ ಬಿಚ್ಚುವುದಿಲ್ಲ!

ಹೇಳುವುದು ಸುಲಭ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ಗೊತ್ತು, ಆದರೆ ಒಂದೊಂದನ್ನೂ ಬೆರಳಿಟ್ಟು ಮುಟ್ಟಿ ಮಾತಾಡಿಸಿಕೊಂಡೇ ಮುಂದೆ ಹೋಗಬೇಕು. ಒತ್ತಕ್ಷರ ಬಂದರೆ ಅಲ್ಲೇ ಕೂತು ಸುಧಾರಿಸಿಕೊಳ್ಳಬೇಕು. ಬೆಳಿಗ್ಗೆ ಅನ್ನ ಬೇಯುವಷ್ಟರಲ್ಲಿ ಎರಡು ನಿಯಮ, ಮಧ್ಯಾಹ್ನ ಮೂರು. 'ಅಧಿಕೃತ ವ್ಯಕ್ತಿಗೆ ಮಾತ್ರ ಮಗುವನ್ನು ಒಪ್ಪಿಸಲಾಗುವುದು' ಎಂದಿತ್ತು. ಕೃ ಎಂಬ ಅಕ್ಷರವನ್ನು ಬರೀ ಕ ಎಂದು ಓದಿ, ಮುಂದಿನ ತ ಹಾರಿ ಹೋದೆ. ಅಧಿಕ ವ್ಯಕ್ತಿ! ನನ್ನ ಮೈ ನಾನೇ ನೋಡಿಕೊಂಡು, ಅಷ್ಟೇ ಆದರೆ ನನಗಿಂತ ಯಾರಿದ್ದಾರೆ ಎಂದು ಸಂತೋಷಪಟ್ಟೆ. ಮಗಳು ಫೋನಿನಲ್ಲಿ ನಕ್ಕೂ ನಕ್ಕೂ ಸುಸ್ತಾದಳು. ಯಾರಮ್ಮ ಅದನ್ನು ಓದುತ್ತಾರೆ, ನಾನೂ ಓದದೆ ಸಹಿ ಮಾಡಿದ್ದೇನೆ ಎಂದಳು. ಅವಳು ಬಿ.ಕಾಂ., ಓದದಿದ್ದರೂ ನಡೆಯುತ್ತದೆ. ನಾನು ಓದಲೇಬೇಕು.

ಬುಧವಾರ ಹತ್ತೊಂಬತ್ತನೇ ನಿಯಮಕ್ಕೆ ಬಂದೆ. ಬೆರಳು ಅಲ್ಲೇ ನಿಂತಿತು. 'ಮಕ್ಕಳನ್ನು ಬೈಯುವುದು, ಹೆದರಿಸುವುದು, ಹೊಡೆಯುವುದು ಇಲ್ಲಿ.'

ಇಲ್ಲಿ? ಕನ್ನಡಕ ಒರೆಸಿ ಓದಿದೆ. ಬೆಳಕಿಗೆ ಹೋಗಿ ಓದಿದೆ. ನಾಲ್ಕು ಸಲ ಓದಿದರೂ ಇಲ್ಲಿಯೇ. ಮಗಳಿಗೆ ಫೋನು ಮಾಡಿ, ಮಗುವಿನ ಮೈಮೇಲೆ ಏನಾದರೂ ಬಾಸುಂಡೆ ಇದೆಯೇ ನೋಡು ಎಂದೆ. ನಮ್ಮತ್ತೆ ಸೊಳ್ಳೆ ಹೊಡೆಯಲಿಕ್ಕೂ ಎರಡು ಸಲ ಯೋಚನೆ ಮಾಡುತ್ತಾರೆ, ನೀನೇ ತಪ್ಪು ಓದಿದ್ದೀಯ ಎಂದಳು ಅವಳು. ತಪ್ಪು ಓದಿದ್ದೇನೆಯೇ? ಕೃ ವಿಷಯಕ್ಕೆ ಒಪ್ಪುತ್ತೇನೆ. ಆದರೆ ಗುಡಿಸು ನನಗೆ ಎರಡನೇ ಕ್ಲಾಸಿನಿಂದಲೇ ಗೊತ್ತು! ಮಿಕ್ಕ ಹನ್ನೆರಡು ನಿಯಮಗಳನ್ನು ಇನ್ನೂ ಗಟ್ಟಿಯಾಗಿ ಬೆರಳೂರಿ ಓದಿ ಮುಗಿಸಿದೆ.

ಶುಕ್ರವಾರ ಮಧ್ಯಾಹ್ನ ನಿಟ್ಟುವಳ್ಳಿಗೆ ಹೋದಾಗ ಮಕ್ಕಳು ಊಟ ಮಾಡಿ ಸಾಲಾಗಿ ಮಲಗಿದ್ದವು. ಬೀಗಿತಿಯವರು ಪಿಸುಮಾತಿನಲ್ಲಿ ಪರೀಕ್ಷೆ ಶುರು ಮಾಡಿದರು. ನಾನೂ ಪಿಸುಮಾತಿನಲ್ಲೇ ಒಂದರಿಂದ ಹದಿನೆಂಟರವರೆಗೆ ಒಪ್ಪಿಸಿದೆ. ಆಮೇಲೆ ಪುಸ್ತಕವನ್ನು ಅವರ ಕಡೆ ತಿರುಗಿಸಿ, ಇದನ್ನು ನೀವೇ ಓದಿ ಎಂದೆ.

ಅವರು ಸರಾಗವಾಗಿ ಓದಿದರು: ಹೊಡೆಯುವುದು ಇಲ್ಲ. ಇನ್ನೊಂದು ಸಲ ಎಂದೆ. ಮತ್ತೆ ಇಲ್ಲ ಎಂದರು. ನಾನು ಅವರ ತೋರುಬೆರಳು ಹಿಡಿದು ಆ ಅಕ್ಷರದ ಮೇಲೆ ಇಟ್ಟೆ.

"ಲ್ಲ ಅಲ್ರಿ. ಗುಡಿಸೈತೆ ನೋಡ್ರಿ."

ಬೀಗಿತಿಯವರು ಪುಸ್ತಕವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಗೇಟಿನ ಹತ್ತಿರವಿದ್ದ ಬೀಗರು ಕಿವಿ ನಿಮಿರಿಸಿ, ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಪೇಪರು ಅಲುಗಾಡುತ್ತಿತ್ತು. ಬೀಗಿತಿಯವರು ಕಪಾಟಿನಿಂದ ಹನ್ನೆರಡು ಮನೆಗಳ ಸಹಿಯ ಹಾಳೆಗಳನ್ನು ತೆಗೆದು ಒಂದೊಂದಾಗಿ ಮಗುಚಿದರು. ಬ್ಯಾಂಕಿನ ಆಫೀಸರು, ಇಂಜಿನಿಯರು, ಡಾಕ್ಟರು, ಅವರ ಸ್ವಂತ ಮಗ, ಸ್ವಂತ ಸೊಸೆ. ಹೈಸ್ಕೂಲಿನ ಕನ್ನಡ ಟೀಚರು ಬೇರೆ! ಮಕ್ಕಳನ್ನು ಹೊಡೆಯುವುದು ಇಲ್ಲೇ ಎಂಬುದನ್ನು ಎಲ್ಲರೂ ಓದಿ ಒಪ್ಪಿದ್ದರು.

ಈಗ ಗೆದ್ದ ಖುಷಿಯಲ್ಲಿ ಒಂದು ಮಾತು ಎಸೆಯಬೇಕು ಎಂದು ಬಾಯಿ ತೆರೆದೆ. ಬೀಗಿತಿಯವರ ಮುಖ ನೋಡಿ ಮುಚ್ಚಿದೆ.

"ಒಬ್ಬರೂ ಓದಿಲ್ಲ ಹಂಗಾದ್ರೆ," ಎಂದರು ಅವರು. "ಟೈಪ್ ಮಾಡಿದೋರು ಒಂದು ಗುಡಿಸು ಜಾಸ್ತಿ ಹಾಕಿದ್ರೆ ಹಾಕ್ಲಿ. ಉಡ್ಯಾಗೆ ಹಾಕಿ ಕೊಟ್ರೂ ಓದಿಲ್ಲ ನೋಡ್ರಿ. ಸುಮ್ನೆ ಬರೆದಿದ್ದಲ್ಲ ಬೀಗ್ರೇ. ಒಂದೊಂದು ರೂಲ್ಸಿಗೂ ಒಂದೊಂದು ಕೂಸೈತೆ."

ಮಲಗಿದ್ದ ಸಾಲಿನ ಕಡೆಗೆ ಬೆರಳು ತೋರಿಸಿದರು. ಈ ಕೂಸಿನ ಕೊರಳಿನ ಸರ ಕಿಟಕಿಯ ಚಿಲಕಕ್ಕೆ ಸಿಕ್ಕಿಕೊಂಡಿತ್ತು. ಆ ಕೂಸು ಜ್ವರದಲ್ಲಿ ಕಣ್ಣು ಮೇಲೆ ಮಾಡಿತ್ತು. ಕೊನೆಯಲ್ಲಿರುವ ಕೂಸು ಮನೆಯ ಜಗಳ ಕೇಳಿ ಬಂದ ದಿನ ಇಡೀ ದಿನ ಒಂದು ಮಾತಾಡಿರಲಿಲ್ಲ. ನಾನು ನಕ್ಕಿದ್ದ ನಿಯಮಗಳೆಲ್ಲ ಒಂದೊಂದಾಗಿ ಅಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದವು.

ಇಪ್ಪತ್ತನಾಲ್ಕನೆಯದನ್ನು ಕೇಳಿದೆ. 'ಮಗುವಿನ ಕಣ್ಣು ತಪ್ಪಿಸಿ ಹೋಗಬಾರದು. ಅತ್ತರೂ ಸರಿಯೇ, ಹೋಗಿ ಬರುತ್ತೇನೆ ಎಂದು ಹೇಳಿಯೇ ಹೋಗಬೇಕು.' ಇದು ಯಾವ ಕೂಸಿನದು?

ಬೀಗಿತಿಯವರು ಸಹಿಯ ಹಾಳೆಗಳನ್ನು ಅಂಚಿಗೆ ಅಂಚು ಸೇರಿಸಿ ಜೋಡಿಸಿದರು.

"ನಿಮ್ಮ ಅಳಿಯಂದು. ಅವನಿಗೆ ಮೂರು ವರ್ಷ ಇದ್ದಾಗ ನಾನು ಕೆಲಸಕ್ಕೆ ಸೇರಿದ್ದು. ನಮ್ಮತ್ತೆ ಅವನಿಗೆ ಕಾಗೆ ತೋರಿಸೋರು, ನಾನು ಹಿತ್ತಲ ಬಾಗಲಿಂದ ಓಡಿಬಿಡ್ತಿದ್ದೆ. ದಿನಾ. ಈಗ್ಲೂ ನೋಡ್ರಿ, ಎಲ್ಲಿ ಹೋದ್ರೂ ಬಾಗಿಲು ಕಾಣೋ ಕಡೆಗೇ ಕೂಡ್ತಾನೆ."

ಹೌದಲ್ಲ! ನಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ ಅಳಿಯ ತಟ್ಟೆ ಎತ್ತಿಕೊಂಡು ಎದುರಿನ ಸಾಲಿಗೆ ಹೋಗಿ ಕೂರುತ್ತಾನೆ. ಗಾಳಿ ಬರಲಿ ಎಂದು ಹಾಗೆ ಮಾಡುತ್ತಾನೆಂದು ನಾನು ಫ್ಯಾನು ಕೊಂಡಿದ್ದೆ. ಮಿಕ್ಕ ನಿಯಮಗಳನ್ನು ಅವರು ಕೇಳಲಿಲ್ಲ, ನಾನೂ ಒಪ್ಪಿಸಲಿಲ್ಲ. ಪಟ್ಟಿಯನ್ನು ನನ್ನ ಮುಂದಿಟ್ಟು ಪೆನ್ನು ಕೊಟ್ಟರು. ಅಕ್ಷರ ಅಕ್ಷರವಾಗಿ ಸಹಿ ಮಾಡಿದೆ. ಅವರು ಒಮ್ಮೆಯೂ ಬೇಗ ಮಾಡಿ ಎನ್ನಲಿಲ್ಲ.

ನಾಲ್ಕು ಗಂಟೆಗೆ ಮೊಮ್ಮಗಳು ಚೀಲ ಬೆನ್ನಿಗೆ ಹಾಕಿಕೊಂಡು ನನ್ನ ಬೆರಳು ಹಿಡಿದಳು. ಗೇಟು ದಾಟಿದವಳು ಕೈ ಬಿಡಿಸಿಕೊಂಡು ಹಿಂದಕ್ಕೆ ಓಡಿದಳು. ಬೀಗಿತಿಯವರ ಸೀರೆಯ ನೆರಿಗೆ ಹಿಡಿದು, ದೊಡ್ಡವರ ಹಾಗೆ ಕತ್ತು ಎತ್ತಿ ಹೇಳಿದಳು.

"ಅಜ್ಜೀ, ಹೋಗಿ ಬರ್ತೀನಿ. ಅಳಬ್ಯಾಡ."

ಬೀಗಿತಿಯವರು ಹೂಂ ಎಂದರು. ಸೋಮವಾರ ಒಂಬತ್ತಕ್ಕೆ ಸರಿಯಾಗಿ ಬಿಡಬೇಕು, ಒಂದು ನಿಮಿಷ ಆಚೀಚೆ ಆಗಬಾರದು, ಎರಡನೇ ನಿಯಮ ಎಂದು ನನಗೆ ಗದರಿದರು. ಮೊದಲೇ ಹಾಕಿದ್ದ ಗೇಟಿನ ಚಿಲಕವನ್ನು ತೆಗೆದು ಮತ್ತೆ ಹಾಕಿದರು.

ಆ ಎರಡು ದಿನ ಹರಿಹರದಲ್ಲಿ ಏನಾಯಿತು ಎಂದು ಕೇಳಬೇಡಿ, ಹೇಳಿದರೆ ದೃಷ್ಟಿಯಾಗುತ್ತದೆ. ಸೋಮವಾರ ಮಾತ್ರ ನಾನು ಎರಡನೇ ನಿಯಮ ಮುರಿದೆ. ಮೊದಲ ಬಸ್ಸು ಹತ್ತಿ, ಮಗುವನ್ನು ಎಂಟು ಗಂಟೆಗೇ ನಿಟ್ಟುವಳ್ಳಿಗೆ ಕರೆತಂದೆ. ಬೀಗಿತಿಯವರು ಸ್ನಾನ ಮಾಡಿ, ತಲೆ ಬಾಚಿಕೊಂಡು, ಗೇಟು ತೆರೆದು ಆಗಲೇ ಬೀದಿಯಲ್ಲಿ ನಿಂತಿದ್ದರು.